ಬಿಸಿಲಜ್ಜನ ಕನ್ನಡಿ

ಇಳಿಬಿಸಿಲು ತಿಂಗಳು, ಮೂರನೇ ದಿನ

ಅಕ್ಕಾ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ಆಮೇಲೆ ಕಿಟಕಿಯ ಹತ್ತಿರ ಹಿಡಿದು ಮೂರನೇ ಸಲ ಓದಿದೆ. ಗುಡ್ಡದ ಮೇಲೆ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೀಯ. ಸಂತೋಷ. ಆದರೆ ಆ ಅಕ್ಷರ ನಿನ್ನದಲ್ಲ.

ತಕ್ಷಣ ಮುಖ ಊದಿಸಿಕೊಳ್ಳಬೇಡ. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಗೂಡಿನ ಬಾಗಿಲು ತೆಗೆದಾಗ ಓಡುವ ಕೋಳಿಗಳ ಹಾಗೆ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಶಾಲೆಯಲ್ಲಿ ಅದಕ್ಕೇ ನೀನು ಏಟು ತಿನ್ನುತ್ತಿದ್ದೆ. ಈಗ ಎರಡು ತಿಂಗಳಿಂದ ಬರುತ್ತಿರುವ ಪತ್ರಗಳಲ್ಲಿ ಸಾಲುಗಳು ದಾರ ಹಿಡಿದು ಎಳೆದಷ್ಟು ನೇರ. ಕಾಗದದ ಅಂಚೆಲ್ಲ ಕಂದಿದೆ, ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ. ಮೇಲುಗಡೆ 'ಪ್ರೀತಿಯ ತಮ್ಮನಿಗೆ' ಎಂದಿದೆ. ಬುದ್ಧಿ ಬಂದಾಗಿನಿಂದ ನೀನು ನನ್ನನ್ನು ಮೊಂಡ ಎಂದೇ ಕರೆದವಳು. ನಾನು ಪ್ರೀತಿಯ ತಮ್ಮನಾದದ್ದು ಯಾವಾಗ?

ಮೂರು ವರ್ಷದ ಹಿಂದೆ ನೀನು ಕನ್ನಡಿಯವಳಾಗಿ ಗುಡ್ಡಕ್ಕೆ ಹೊರಟಾಗ ಊರ ಹಿರಿಯರು ಹೇಳಿದ ಕಥೆಯನ್ನು ನಾನೂ ಬಾಯಿಬಿಟ್ಟುಕೊಂಡು ಕೇಳಿದ್ದೆ. ಸೂರ್ಯ ಅಂದರೆ ಹಗಲಕ್ಕ. ಅವಳು ಮೊದಲು ಯಾರ ಮಾತೂ ಕೇಳದೆ ಆಕಾಶದಲ್ಲಿ ಮನಸ್ಸು ಬಂದಲ್ಲಿ ಅಲೆಯುತ್ತಿದ್ದಳಂತೆ. ಒಂದು ಊರು ಸುಟ್ಟು ಕರಕಲಾದರೆ ಇನ್ನೊಂದು ಊರು ಕತ್ತಲೆಯಲ್ಲಿ ಕೊಳೆಯುತ್ತಿತ್ತಂತೆ. ಆಗ ಅವಳ ತಮ್ಮ ಅವಳ ಮೈಯಿಂದಲೇ ಬಿಡಿಸಿಕೊಂಡು ಕೆಳಗಿಳಿದು, ಅವಳಿಗೆ ಹಗ್ಗ ಹಾಕಿ, ಗುಡ್ಡದ ಮೇಲೆ ಕಾವಲು ಕೂತನಂತೆ. ಅವನೇ ಬಿಸಿಲಜ್ಜ. ಅಕ್ಕನ ಮುಖವನ್ನು ಅವನು ಪೂರ್ತಿ ನೋಡಿಬಿಟ್ಟರೆ ಹಗ್ಗ ಬಿಟ್ಟು ಅವಳ ಹತ್ತಿರ ಹೊರಟುಹೋಗುತ್ತಾನೆ. ಅದಕ್ಕೇ ಅವನು ಕಿಟಕಿಗೆ ಬೆನ್ನು ಹಾಕಿ ಕೂರಬೇಕು, ಎದುರಿಗೆ ಕನ್ನಡಿ ಹಿಡಿಯಲು ಒಬ್ಬ ಹೆಣ್ಣುಮಗಳು ಇರಬೇಕು, ಕನ್ನಡಿಯ ಮುಖಕ್ಕೆ ತೆಳ್ಳಗೆ ಮಸಿ ಬಳಿದಿರಬೇಕು. ಮಸಿಯ ಹಿಂದೆ ಮಬ್ಬಾಗಿ ಕಾಣುವ ಅಕ್ಕನನ್ನು ನೋಡಿಕೊಂಡು ಅವನು ದಿನಾ ಹಗ್ಗ ಬಿಗಿ ಹಿಡಿಯುತ್ತಾನೆ.

ನಮ್ಮ ಅಂಗಡಿಯಿಂದ ಅಜ್ಜನ ಕಾಲದಿಂದಲೂ ವರ್ಷಕ್ಕೊಂದು ಕನ್ನಡಿ ಹೋಗುತ್ತಿದೆ. ಯಾರೂ ಕೇಳದ ಒಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ತನ್ನ ಅಕ್ಕನನ್ನು ಕಣ್ತುಂಬ ನೋಡಲಾಗದವನು ಬೇರೆಯವರ ಅಕ್ಕನನ್ನು ಸುಖವಾಗಿ ವಾಪಸ್ ಕಳಿಸುತ್ತಾನೆಯೇ?

ಚಳಿ ತಿಂಗಳ ಹದಿನೈದಕ್ಕೆ, ವರ್ಷದ ಅತಿ ಗಿಡ್ಡ ಹಗಲಿನ ದಿನ, ಹೊಸ ಕನ್ನಡಿ ಎತ್ತಿಕೊಟ್ಟರೆ ನಿನ್ನ ಮೂರು ವರ್ಷದ ಸರದಿ ಮುಗಿಯಿತು. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಅಷ್ಟರೊಳಗೆ ಒಂದು ಉಪಕಾರ ಮಾಡು. ನಿನ್ನ ಕೈಯಾರೆ, ಆ ಕೋಳಿ ಅಕ್ಷರದಲ್ಲಿ, ನಾಲ್ಕು ಸಾಲು ಬರೆದು ಕಳಿಸು.

ನಿನ್ನ ಮೊಂಡ


ಇಳಿಬಿಸಿಲು ತಿಂಗಳು, ಹದಿಮೂರನೇ ದಿನ

ಪ್ರೀತಿಯ ತಮ್ಮನಿಗೆ,

ಅಕ್ಷರ ಚೆನ್ನಾಗಿಲ್ಲ ಎಂದು ಬೈಸಿಕೊಂಡದ್ದು ಸಾಲದೆಂದು ಈಗ ಚೆನ್ನಾಗಿದೆ ಎಂದೂ ಬೈಸಿಕೊಳ್ಳಬೇಕೇ? ಇಲ್ಲಿ ಬೆಳಗಿನ ಕೆಲಸ ಮುಗಿದ ಮೇಲೆ ಮಾಡಲು ಏನಿದೆ ಹೇಳು. ಮೂರು ವರ್ಷ ತಿದ್ದಿದರೆ ಕಲ್ಲಿಗೂ ಅಕ್ಷರ ಬರುತ್ತದೆ. ಕಾಗದ ಕಂದಿದ್ದು ಶಾಯಿ ಒಣಗಲೆಂದು ಒಲೆಯ ಹತ್ತಿರ ಇಟ್ಟದ್ದಕ್ಕೆ. ಇದರಲ್ಲೂ ಗುಟ್ಟು ಹುಡುಕಿದರೆ ನಾನು ಏನು ಮಾಡಲಿ?

ನೀನು ಬಿಸಿಲಜ್ಜನನ್ನು ಏನೋ ರಾಕ್ಷಸನ ಹಾಗೆ ಕಲ್ಪಿಸಿಕೊಂಡಿದ್ದೀಯ. ಒಂದು ದಿನ ಅವನ ಜೊತೆ ಇದ್ದರೆ ನೀನೇ ನಗುತ್ತಿದ್ದೆ. ಗೊಣಗುವುದರಲ್ಲಿ ನಮ್ಮ ಸೋದರತ್ತೆಯನ್ನೂ ಮೀರಿಸುತ್ತಾನೆ. ನೀರಿನ ಲೋಟ ಮುಟ್ಟಿದರೆ ಕುದಿಯುತ್ತದೆ, ಆಮೇಲೆ "ಯಾಕೆ ಬಿಸಿನೀರು ಕೊಟ್ಟೆ" ಅಂತ ನನ್ನನ್ನೇ ಕೇಳುತ್ತಾನೆ. ತಮಾಷೆ ಮಾಡಿದರೆ ಅರ್ಥವಾಗುವುದು ಮಾರನೇ ದಿನ. ಆಗ ಒಬ್ಬನೇ ನಗುತ್ತಾನೆ, ಕೋಣೆಯೆಲ್ಲ ಬೆಚ್ಚಗಾಗುತ್ತದೆ.

ಬೆಳಿಗ್ಗೆ ಎದ್ದು ನಾನು ಕಿಟಕಿಯ ಕದ ತೆಗೆಯುತ್ತೇನೆ. ಅವನು ಬೆನ್ನು ಹಾಕಿ ಕೂರುತ್ತಾನೆ. ನಾನು ಅವನೆದುರು ನಿಂತು ಕನ್ನಡಿ ಎತ್ತುತ್ತೇನೆ, ಅವಳು ಮೇಲೇರಿದ ಹಾಗೆಲ್ಲ ಚೂರು ಚೂರೇ ವಾಲಿಸುತ್ತೇನೆ. ದಿನಾ ಅವನದು ಒಂದೇ ಪ್ರಶ್ನೆ. "ಇವತ್ತು ಹೇಗಿದ್ದಾಳೆ?" ಮಸಿಯ ಹಿಂದೆ ಅವನಿಗೆ ಕಾಣುವುದು ಬರೀ ದುಂಡಗಿನ ಆಕಾರ ತಾನೇ. "ಚೆನ್ನಾಗಿದ್ದಾಳೆ ಅಜ್ಜ, ನಿನ್ನೆಗಿಂತ ಗುಂಡಗಿದ್ದಾಳೆ" ಅನ್ನುತ್ತೇನೆ. ಅಷ್ಟಕ್ಕೇ ಅವನಿಗೆ ಆ ದಿನ ಕಳೆಯುತ್ತದೆ.

ನನ್ನದಿರಲಿ, ನೀನು ಹೇಗಿದ್ದೀಯ? ಕನ್ನಡಿಗೆ ಪಾದರಸ ಸುರಿಯುವಾಗ ಕಿಟಕಿ ತೆಗೆದಿಡುತ್ತೀಯ ತಾನೇ? ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆಯೇ? ಕೈ ನಡುಗುತ್ತದೆಯೇ? ಸುಮ್ಮನೆ ಕೇಳಿದೆ.

ನಾಲ್ಕು ಸಾಲು ಯಾಕೆ, ಇಡೀ ಪತ್ರವೇ ನನ್ನದು.

ಅಕ್ಕ


ಇಳಿಬಿಸಿಲು ತಿಂಗಳು, ಇಪ್ಪತ್ತನಾಲ್ಕನೇ ದಿನ

ಅಕ್ಕಾ,

ನಾಲ್ಕು ಸಾಲು ಕೇಳಿದೆ, ನೀನು ಕೊಡಲಿಲ್ಲ. ಮಾತು ಮಾತ್ರ ಒಂದು ಬುಟ್ಟಿ ಕೊಟ್ಟೆ.

ನಿನ್ನ ಹಳೆಯ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲ ವರ್ಷ ನೀನು ಗುಡ್ಡದ ಹೂವಿನ ಬಣ್ಣ ಬರೆಯುತ್ತಿದ್ದೆ, ಮೋಡದ ಅಂಚಿನ ಬಣ್ಣ ಬರೆಯುತ್ತಿದ್ದೆ, ಅಂಚೆಯವನ ಟೋಪಿಗೆ ಹಾಕಿದ ತೇಪೆಯ ಬಣ್ಣವನ್ನೂ ಬಿಡಲಿಲ್ಲ. ಈಗಿನ ಪತ್ರಗಳಲ್ಲಿ ಬಿಸಿ ಇದೆ, ತಣ್ಣಗೆ ಇದೆ, ಗೊಣಗಾಟ ಇದೆ. ಒಂದೇ ಒಂದು ಬಣ್ಣ ಇಲ್ಲ. ಅಲ್ಲಿ ಬರೆಯುತ್ತಿರುವವರಿಗೆ ಬಣ್ಣ ಅಂದರೆ ಏನೆಂದು ಗೊತ್ತಿಲ್ಲವೋ ಏನೋ.

ಇನ್ನೊಂದು ಸಂಗತಿ. ನಿನಗಿಂತ ಮುಂಚೆ ಕನ್ನಡಿಯವಳಾಗಿದ್ದಾಕೆ ಇದ್ದಾಳಲ್ಲ, ಬುಟ್ಟಿ ಹೆಣೆಯುವವರ ಮನೆಯಾಕೆ, ಅವಳನ್ನು ನೋಡಲು ಹೋಗಿದ್ದೆ. ಗುಡ್ಡದಿಂದ ಇಳಿದ ಮೇಲೆ ಅವಳು ಬೀದಿಗೆ ಬಂದದ್ದನ್ನು ಯಾರೂ ನೋಡಿಲ್ಲ. ಅವಳ ತಂಗಿ ಬಾಗಿಲಲ್ಲೇ ಅಡ್ಡ ನಿಂತಳು. "ಅವಳಿಗೆ ಹುಷಾರಿಲ್ಲ, ಹೋಗಪ್ಪ" ಅಂದಳು. ನಾನು ಮೊಂಡ ತಾನೇ, ಒಳಗೆ ನುಗ್ಗಿದೆ. ಒಳಕೋಣೆಯಲ್ಲಿ ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಕರೆದಾಗ ಈ ಕಡೆ ತಿರುಗಿದಳು, ಎದುರಿಗೇ ನಿಂತರೂ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಯಾರೋ ಇದ್ದಾರೆ ಅನ್ನುವ ಹಾಗೆ ಮಾತಾಡಿದಳು. "ಅಜ್ಜ ಚೆನ್ನಾಗಿದ್ದಾನಾ?" ಅಂತ ಕೇಳಿದಳು. ಆಕೃತಿ ಇದೆ, ಒಳಗೆ ಯಾರೂ ಇಲ್ಲ. ಅಲ್ಲಿ ಏನೋ ನಡೆಯುತ್ತದೆ, ಊರವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ನನ್ನ ಆರೋಗ್ಯಕ್ಕೇನು, ಗುಂಡುಕಲ್ಲಿನ ಹಾಗಿದ್ದೇನೆ. ಮೊನ್ನೆ ಕನ್ನಡಿಗೆ ತವರದ ಹಾಳೆ ಹಾಸುವಾಗ ಯಾಕೋ ನಮ್ಮ ಕೆಂಪು ಬೆಕ್ಕು ನೆನಪಾಯಿತು. ನಾವು ಚಿಕ್ಕವರಿದ್ದಾಗ ಅಂಗಡಿಯಲ್ಲಿ ಸಾಕಿದ್ದೆವಲ್ಲ, ಒಂದು ಕಿವಿ ಹರಿದದ್ದು. ಅದು ಹೇಗೆ ಸತ್ತಿತು ಅನ್ನುವುದೇ ನನಗೆ ಮರೆತುಹೋಗಿದೆ. ನಿನಗೆ ನೆನಪಿದ್ದರೆ ಬರೆ.

ನಿನ್ನ ತಮ್ಮ


ಮಂಜು ತಿಂಗಳು, ನಾಲ್ಕನೇ ದಿನ

ಪ್ರೀತಿಯ ತಮ್ಮನಿಗೆ,

ಕೆಂಪು ಬೆಕ್ಕು ನೆನಪಿಲ್ಲದೆ ಏನು. ಪಾಪ, ಮಳೆಗಾಲದಲ್ಲಿ ಶೀತ ಹಿಡಿದು ಸತ್ತಿತು. ಹಿತ್ತಲಲ್ಲಿ ಹೂತೆವು. ನೀನು ಬಹಳ ಅತ್ತೆ, ನಾನು ನಿನಗೆ ಬೆಲ್ಲ ಕೊಟ್ಟು ಸಮಾಧಾನ ಮಾಡಿದೆ. ಅದನ್ನೆಲ್ಲ ಯೋಚಿಸಿಕೊಂಡು ಕೊರಗಬೇಡ.

ಬುಟ್ಟಿಯವರ ಮನೆಯಾಕೆಯ ಗೋಜಿಗೆ ಹೋಗಬೇಡ. ಪರರ ಮನೆಗೆ ಹಾಗೆ ನುಗ್ಗುವುದು ನಿನ್ನ ಸ್ವಭಾವವಲ್ಲ. ನೀನು ಯಾವತ್ತೂ ಹಾಗೆ ಮಾಡಿದವನಲ್ಲ.

ನಾನು ಹೇಳುವುದನ್ನು ಒಮ್ಮೆಯಾದರೂ ಕೇಳು. ಅಂಗಡಿಗೆ ಬೀಗ ಹಾಕು. ಎಂಟು ಹತ್ತು ದಿನ ಹೊಳೆಯ ಆಚೆ ಸೋದರತ್ತೆಯ ಮನೆಗೆ ಹೋಗಿ ಇರು. ಗಾಳಿ ಬದಲಾಗಲಿ. ಈ ವರ್ಷದ ಕನ್ನಡಿಯನ್ನು ಬೇಕಾದರೆ ಮೇಲುಬೀದಿಯ ಗಾಜಿನವನು ಮಾಡಲಿ, ನಾನು ಹಿರಿಯರಿಗೆ ಬರೆದು ಒಪ್ಪಿಸುತ್ತೇನೆ. ನೀನು ಪಾದರಸ ಮುಟ್ಟಬೇಡ. ದಮ್ಮಯ್ಯ ಅನ್ನುತ್ತೇನೆ, ಮುಟ್ಟಬೇಡ.

ಅಕ್ಕ


ಮಂಜು ತಿಂಗಳು, ಹದಿನಾರನೇ ದಿನ

ಗುಡ್ಡದ ಕಾವಲುಮನೆಗೆ,

ತಮ್ಮ ಪತ್ರ ತಲುಪಿತು. ಬೆಕ್ಕಿನ ವಿಷಯ ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಕೃತಜ್ಞ. ನನಗೆ ತಿಳಿಯಬೇಕಾದದ್ದು ತಿಳಿಯಿತು.

ಕನ್ನಡಿ ಬೇರೆಯವರು ಮಾಡಲಿ ಎಂದು ತಾವು ಸೂಚಿಸಿದ್ದೀರಿ. ನನ್ನ ಕೈಯ ಕನ್ನಡಿಯೆಂದರೆ ಅಲ್ಲಿ ಯಾರಿಗೋ ಭಯವಿರುವಂತಿದೆ. ಕ್ಷಮಿಸಬೇಕು, ಕನ್ನಡಿ ಸಿದ್ಧವಾಗಿ ಇವತ್ತೇ ಗಾಡಿ ಹತ್ತಿತು. ಗಾಜಿನ ಗಾಡಿ ನಿಧಾನ, ಇಪ್ಪತ್ತು ದಿನ ಹಿಡಿಯುತ್ತದೆ. ಹೇಗೂ ಹದಿನೈದರೊಳಗೆ ಮುಟ್ಟುತ್ತದೆ. ಪದ್ಧತಿಯಂತೆ ಮುಸುಕು ಹಾಕಿ ಮೊಹರು ಒತ್ತಿದ್ದೇನೆ. ಕಿಟಕಿಯ ಮುಂದೆ, ಬೆಳಕು ಬಿದ್ದ ಮೇಲೆಯೇ ಬಿಚ್ಚತಕ್ಕದ್ದು.

ನಮ್ಮ ಅಂಗಡಿಯಿಂದ ಇಷ್ಟು ಒಳ್ಳೆಯ ಕನ್ನಡಿ ಈವರೆಗೆ ಹೋಗಿಲ್ಲ ಎಂದು ಬಿಸಿಲಜ್ಜನವರಿಗೆ ತಿಳಿಸುವುದು.

ಇಂತಿ,
ಕನ್ನಡಿ ಅಂಗಡಿಯವನು


ಮಂಜು ತಿಂಗಳು, ಇಪ್ಪತ್ತೆಂಟನೇ ದಿನ

ತಮ್ಮಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಮೂರು ದಿನವೂ ಬರೆಸಲೇ ಬೇಡವೇ ಎಂದು ಒದ್ದಾಡಿದೆ. ನೀನು ನನ್ನನ್ನು 'ತಾವು' ಎಂದು ಕರೆದದ್ದನ್ನು ಕೇಳಿ ನಾನು ಆ ರಾತ್ರಿ ಮಲಗಲಿಲ್ಲ. ಹೌದು, ಕೇಳಿ. ಓದಿ ಅಲ್ಲ. ಇನ್ನು ಮುಚ್ಚಿಡುವುದಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ.

ಏರುಬಿಸಿಲಿನ ದಿನಗಳಲ್ಲೇ ಮಂಜು ಕವಿಯಲು ಶುರುವಾಗಿತ್ತು. ಅಜ್ಜ ಅವಳಿಗೆ ಬೆನ್ನು ಹಾಕಿ ಕೂರುತ್ತಾನೆ, ಅಂದರೆ ಕನ್ನಡಿ ಹಿಡಿದವಳು ಅವಳಿಗೆ ಮುಖ ಕೊಟ್ಟು ನಿಲ್ಲಬೇಕಲ್ಲ. ಮೂರು ವರ್ಷ ದಿನಾ ಬೆಳಿಗ್ಗೆ ನಿಂತರೆ ಯಾವ ಕಣ್ಣು ಉಳಿಯುತ್ತದೆ? ಬುಟ್ಟಿಯವರ ಮನೆಯಾಕೆಗೂ ಆದದ್ದು ಇದೇ. ಅವಳೊಳಗೆ ಯಾರೂ ಇಲ್ಲ ಎಂದು ಬರೆದೆಯಲ್ಲ, ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅವಳು ಪೂರ್ತಿ ಅಲ್ಲೇ ಇದ್ದಾಳೆ. ಅವಳಿಗೆ ನೀನು ಕಾಣಲಿಲ್ಲ, ಅಷ್ಟೇ. ನನ್ನನ್ನೂ ಹಾಗೆ ಒಳಕೋಣೆಯಲ್ಲಿ ಕೂರಿಸಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ ಎಂಬ ಭಯಕ್ಕೆ ನಾನು ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ತಪ್ಪಾಯಿತು.

ನನ್ನ ಪತ್ರಗಳನ್ನು ಓದುವವನು, ಬರೆಯುವವನು ಅಜ್ಜ. ಮಾತು ಮಾತ್ರ ನನ್ನದೇ. ಅವನ ಬೆರಳಿನ ಬಿಸಿಗೆ ಕಾಗದ ಕಂದುತ್ತದೆ. 'ಮೊಂಡಾ' ಎಂದು ಬರೆ ಅಂದರೆ "ಬೈದು ಶುರು ಮಾಡಬಾರದು" ಅಂತ ಅವನೇ 'ಪ್ರೀತಿಯ ತಮ್ಮನಿಗೆ' ಎಂದು ಹಾಕುತ್ತಾನೆ. "ನಿನ್ನ ತಮ್ಮನಿಗೆ ನಿಜ ತಿಳಿಸು" ಅಂತ ಎರಡು ಸಲ ಹೇಳಿದ. ನಾನೇ ಕೇಳಲಿಲ್ಲ.

ಇನ್ನು ಬೆಕ್ಕು. ನಮ್ಮ ಮನೆಯಲ್ಲಿ ಯಾವತ್ತೂ ಬೆಕ್ಕು ಇರಲಿಲ್ಲ ಕಣೋ. ಗೊತ್ತು ನನಗೆ. ಆ ಸಾಲು ಕೇಳಿದಾಗ ನನಗೆ ಅಪ್ಪ ನೆನಪಾದರು. ಅವರಿಗೆ ಶುರುವಾದದ್ದೂ ಹೀಗೇ ಅಲ್ಲವೇ? ಪಾದರಸ ತಲೆಗೇರಿ ಇಲ್ಲದ್ದೆಲ್ಲ ನೆನಪಾಗತೊಡಗಿತು. ಕೈ ನಡುಗಿತು, ಎಲ್ಲರ ಮೇಲೂ ಅನುಮಾನ. ಕೊನೆಗೆ ಅಮ್ಮನನ್ನೇ "ನನ್ನ ಹೆಂಡತಿ ಬಟ್ಟೆ ಹಾಕ್ಕೊಂಡು ಬಂದಿದ್ದೀಯಲ್ಲ, ಯಾರು ನೀನು?" ಅಂತ ಕೇಳಿದರು. ಅಮ್ಮ ಇಲ್ಲ ಇಲ್ಲ ಎಂದಷ್ಟೂ ಅವರು ಕೆರಳುತ್ತಿದ್ದರು, ಹೂಂ ಅಂದರೆ ಸುಮ್ಮನಾಗುತ್ತಿದ್ದರು. ಅದಕ್ಕೇ ನಾನೂ ಹೂಂ ಅಂದೆ. ನಿನ್ನ ಪತ್ರದ ಸಾಲುಗಳೂ ನಡುಗಿವೆ ಅಂತ ಅಜ್ಜ ಹೇಳಿದ. "ಇಲ್ಲದ ಬೆಕ್ಕಿಗೆ ಸಾವು ಬೇರೆ ಬರೆಸ್ತೀಯಾ" ಅಂತ ಅವನು ಲೇಖನಿ ಕೆಳಗಿಟ್ಟಿದ್ದ. ಬಲವಂತ ಮಾಡಿ ಬರೆಸಿದೆ. ಬೆಲ್ಲದ ಮಾತನ್ನು ಸೇರಿಸಿದ್ದೂ ನಾನೇ, ನಿನಗೆ ಸಮಾಧಾನವಾಗಲೆಂದು.

ಈಗ ಯೋಚಿಸಿದರೆ ನೀನು ನನ್ನನ್ನು ಪರೀಕ್ಷೆ ಮಾಡಿದೆಯೇನೋ ಅನಿಸುತ್ತಿದೆ. ಹಾಗಿದ್ದರೆ ನಿನ್ನ ತಲೆ ಸರಿಯಾಗಿದೆ, ನನಗೆ ಅಷ್ಟೇ ಸಾಕು.

ಕಣ್ಣಿಲ್ಲದವಳು ಕನ್ನಡಿ ಹೇಗೆ ಹಿಡಿಯುತ್ತಾಳೆ ಎಂದು ಕೇಳಬೇಡ. ಕೆನ್ನೆಗೆ ತಾಗುವ ಬಿಸಿಯಲ್ಲೇ ಅವಳು ಎಲ್ಲಿದ್ದಾಳೆಂದು ಗೊತ್ತಾಗುತ್ತದೆ. ಹೊಸ ಕನ್ನಡಿಯದೊಂದೇ ತೊಡಕಿತ್ತು. ಮುಸುಕು ತೆಗೆದು, ಮಸಿ ಎಲ್ಲ ಕಡೆ ಕೂತಿದೆಯೇ ಎಂದು ಕನ್ನಡಿಯವಳು ಕಣ್ಣಾರೆ ನೋಡಿ "ಸರಿಯಿದೆ ಅಜ್ಜ" ಎಂದ ಮೇಲೆಯೇ ಅವನು ಮುಚ್ಚಿದ ಕಣ್ಣು ತೆರೆಯಬೇಕು. ನಾನು ಏನು ನೋಡಲಿ? ಅಜ್ಜ ಯೋಚನೆಗೆ ಬಿದ್ದಿದ್ದ. ನಾನು ಹೇಳಿದೆ, "ನನ್ನ ತಮ್ಮ ಮಾಡಿದ ಕನ್ನಡಿ ಅಜ್ಜ. ಅದಕ್ಕೆ ನೋಡೋದು ಬೇಕಾಗಿಲ್ಲ."

ಹದಿನಾರಕ್ಕೆ ಇಳಿದು, ನೀನು ಬರುವವರೆಗೆ ಕಾಯುತ್ತೇನೆ. ಗುಡ್ಡದ ಬುಡಕ್ಕೆ ಬಂದು ನನ್ನ ಕೈ ಹಿಡಿದುಕೊಂಡು ಹೋಗು. ಊರವರು ಏನಾದರೂ ಅಂದುಕೊಳ್ಳಲಿ, ನಾನು ಒಳಕೋಣೆಯಲ್ಲಿ ಮಾತ್ರ ಕೂರುವುದಿಲ್ಲ.

ಅಕ್ಕ


ಚಳಿ ತಿಂಗಳು, ಏಳನೇ ದಿನ

ಅಕ್ಕಾ, ಆ ಕನ್ನಡಿ ಬಿಚ್ಚಬೇಡ.

ಅಜ್ಜ, ಇದನ್ನು ಓದುತ್ತಿರುವುದು ನೀನಾದರೆ ಮೊದಲು ಈ ಸಾಲನ್ನು ಅವಳಿಗೆ ಓದಿ ಹೇಳು. ಕನ್ನಡಿ ಬಿಚ್ಚಬಾರದು. ಹಳೆಯದನ್ನೇ ಹಿಡಿಯಲಿ. ಅದರ ಮಸಿ ಎಷ್ಟೇ ಸವೆದಿರಲಿ, ಹಳೆಯದೇ ಇರಲಿ.

ನಾನು ಮಸಿ ಬಳಿದಿಲ್ಲ. ಮರೆತದ್ದಲ್ಲ. ಗಾಜನ್ನು ಆರಿಸಿ ಆರಿಸಿ ತೆಗೆದೆ, ಹೆಚ್ಚಾದ ಪಾದರಸ ಬಸಿಯಲು ಎರಡರಷ್ಟು ದಿನ ಬಿಟ್ಟೆ, ಆಮೇಲೆ ಅಂಚಿನವರೆಗೆ ಒರೆಸಿ ಒರೆಸಿ ಹೊಳಪು ಕೊಟ್ಟೆ. ನನ್ನ ಜನ್ಮದಲ್ಲಿ ಅಂಥ ಕನ್ನಡಿ ಮಾಡಿಲ್ಲ. ಬೆಕ್ಕಿನ ಪತ್ರ ಬಂದಾಗ ನನಗೆ ಖಾತ್ರಿಯಾಗಿಹೋಗಿತ್ತು, ಅಕ್ಕ ಇಲ್ಲ, ಅವಳನ್ನು ಮುಗಿಸಿ ಅವಳ ಹೆಸರಲ್ಲಿ ಅವನು ಬರೆಯುತ್ತಿದ್ದಾನೆ ಎಂದು. ಕನ್ನಡಿಯವಳೇ ಇಲ್ಲದ ಮೇಲೆ ಅವನೇ ಮುಸುಕು ಬಿಚ್ಚಬೇಕು, ನೋಡಬೇಕು, ಹೊರಟುಹೋಗಬೇಕು. ಹಗ್ಗ ಏನಾಗುತ್ತದೆ, ಲೋಕ ಏನಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ನೀನಿಲ್ಲದ ಲೋಕ ಸುಟ್ಟುಹೋದರೆ ಹೋಗಲಿ ಅನಿಸಿತ್ತು. ಇದು ಪಾದರಸದ ಮಾತೋ ನನ್ನ ಮಾತೋ ನನಗೇ ಗೊತ್ತಿಲ್ಲ. ವಸಡಿನಲ್ಲಿ ರಕ್ತ ಬರುತ್ತದೆ ಅಕ್ಕ. ಎರಡು ತಿಂಗಳಿಂದ ಬರುತ್ತಿದೆ. ನೀನು ಕೇಳಿದಾಗ ಗುಂಡುಕಲ್ಲು ಎಂದು ಸುಳ್ಳು ಹೇಳಿದೆ.

ನಿನ್ನ ಪತ್ರ ಈಗ, ಮಧ್ಯಾಹ್ನ ಬಂತು. ನಿಂತುಕೊಂಡೇ ಓದಿದೆ. ಇಲ್ಲಿಂದ ಗುಡ್ಡಕ್ಕೆ ಅಂಚೆ ಒಂಬತ್ತು ದಿನ. ಹದಿನೈದಕ್ಕೆ ಇನ್ನು ಎಂಟೇ ದಿನ. ನೀನು ಒದ್ದಾಡಿದ ಆ ಮೂರು ದಿನ ಇದ್ದಿದ್ದರೆ ಸಾಕಿತ್ತು ಎಂದು ಒಂದು ಗಳಿಗೆ ನಿನ್ನ ಮೇಲೆ ಸಿಟ್ಟು ಬಂತು. ಮರುಗಳಿಗೆ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಅಂಚೆಯವನ ಕಾಲು ಹಿಡಿದಿದ್ದೇನೆ. "ಕುದುರೆಗೆ ರೆಕ್ಕೆ ಇಲ್ಲಪ್ಪ" ಅಂದ. ಆದರೂ ಒಂದು ತಂಗುದಾಣ ಬಿಟ್ಟು ಓಡಿಸುತ್ತೇನೆ ಎಂದಿದ್ದಾನೆ. ನಾನೇ ಬರೋಣವೆಂದರೆ ಗಾಡಿಗೆ ಹದಿನಾಲ್ಕು ದಿನ ಬೇಕು.

ಅಕ್ಕಾ, ನಿನ್ನನ್ನು ಒಳಕೋಣೆಯಲ್ಲಿ ಯಾರು ಕೂರಿಸುತ್ತಾರೆ? ಅಂಗಡಿಯ ಮುಂದೆ, ಬೀದಿಗೆ ಮುಖ ಮಾಡಿ, ನನ್ನ ಕುರ್ಚಿಯಲ್ಲೇ ಕೂರಿಸುತ್ತೇನೆ. ನೀನು ಬಂದರೆ ಸಾಕು. ನನ್ನನ್ನು ಬೈ, ಹೊಡೆ, ಬಾ.

ಅಜ್ಜ, ನೀನು ನೋಡಬೇಡ. ಒಬ್ಬ ತಮ್ಮ ಇನ್ನೊಬ್ಬ ತಮ್ಮನನ್ನು ಬೇಡಿಕೊಳ್ಳುತ್ತಿದ್ದಾನೆ.

ಮೊಂಡ


ಚಳಿ ತಿಂಗಳು, ಹದಿನೇಳನೇ ದಿನ

ಮೊಂಡಾ,

ಇದು ನನ್ನದೇ ಕೈ. ಕಾಗದಕ್ಕೆ ಅಡ್ಡಲಾಗಿ ದಾರ ಕಟ್ಟಿಕೊಂಡು ಬರೆಯುತ್ತಿದ್ದೇನೆ, ಆದರೂ ಒಂದು ಸಾಲಿನ ಮೇಲೆ ಇನ್ನೊಂದು ಕೂತಿರಬಹುದು. ಕಷ್ಟಪಟ್ಟು ಓದಿಕೋ. ಬರೆಯಲು ಈಗ ನನಗೆ ಒಂದು ಕೈ ಮಾತ್ರ ಬಿಡುವಿದೆ, ಬೇಗ ಬೇಗ ಹೇಳುತ್ತೇನೆ.

ಹದಿನೈದರ ಬೆಳಿಗ್ಗೆ ಮೊಹರು ಒಡೆದೆ. ಮುಸುಕು ತೆಗೆದು ಕನ್ನಡಿ ಎತ್ತಿದೆ. ನಿನ್ನ ಕೆಲಸ ಮುಟ್ಟಿದರೇ ಗೊತ್ತಾಗುತ್ತದೆ, ಅಂಚು ಎಷ್ಟು ನುಣುಪಾಗಿತ್ತು. "ಸರಿಯಿದೆ ಅಜ್ಜ" ಅಂದೆ. ಅವನು ದಿನದ ಹಾಗೆ "ಇವತ್ತು ಹೇಗಿದ್ದಾಳೆ" ಅಂತ ಕೇಳಲಿಲ್ಲ. "ಎಷ್ಟು ವಯಸ್ಸಾಗಿದೆ ಅವಳಿಗೆ" ಅಂದ. ಅವನು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಅರ್ಥವಾಗುವಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಿಟಕಿಯವರೆಗೆ ಹೋಗಿ ಅವನು ನಿಂತ. "ಇದು ಮರೆತದ್ದಲ್ಲ ಮಗಳೇ, ಯಾರೋ ಬೇಕಂತಲೇ ಒರೆಸಿದ್ದಾರೆ" ಅಂದ. ನಾನು ಹೇಳಿದೆ, "ನನ್ನ ತಮ್ಮ ಅಂಥೋನಲ್ಲ ಅಜ್ಜ." ಮುಖದ ಮೇಲೆ ಒಮ್ಮೆ ಬೆಚ್ಚಗೆ ಗಾಳಿ ಹಾದುಹೋಯಿತು. ಅಷ್ಟೇ. ಅಜ್ಜ ಹೋದ.

ಆ ದಿನ ಬೆಳಿಗ್ಗೆ ಊರಲ್ಲಿ ನೆರಳುಗಳು ಅಡ್ಡಾದಿಡ್ಡಿ ಓಡಿರಬೇಕು. ಜನ ಹೆದರಿರಬೇಕು. ಅದು ನಾನು ನೆಲದ ಮೇಲೆ ಹಗ್ಗಕ್ಕಾಗಿ ತಡಕಾಡುತ್ತಿದ್ದ ಹೊತ್ತು. ಕೆನ್ನೆಯ ಬಿಸಿ ಎಡಕ್ಕೂ ಬಲಕ್ಕೂ ಹುಚ್ಚುಹುಚ್ಚಾಗಿ ಹಾಯುತ್ತಿತ್ತು. ಕೊನೆಗೆ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿದ್ದ ತುದಿ ಕೈಗೆ ಬಂತು. ಹಿಡಿದೆ. ಅಂಗೈ ಸುಟ್ಟಿತು, ಆದರೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅವಳು ಸುಮ್ಮನೆ ಇಳಿದಳು. ನಿನ್ನೆಯೂ ಇಳಿದಳು. ಅವಳನ್ನು ನೋಡಬಾರದೆಂಬ ಕಟ್ಟು ನನಗಿಲ್ಲವಲ್ಲ, ನೋಡಲು ಕಣ್ಣೇ ಇಲ್ಲ. ನನಗೆ ಕನ್ನಡಿಯೂ ಬೇಡ, ಕನ್ನಡಿಯವಳೂ ಬೇಡ. ಇನ್ನು ಮುಂದೆ 'ಸರದಿ'ಯೆಂದು ಯಾರ ಮನೆಯ ಹೆಣ್ಣುಮಗಳನ್ನೂ ಇಲ್ಲಿಗೆ ಕಳಿಸಬೇಕಾಗಿಲ್ಲ ಎಂದು ಹಿರಿಯರಿಗೆ ಹೇಳು. ನೀನೂ ಪಾದರಸ ಬಿಡು.

ನನ್ನ ಕೋಣೆಯನ್ನು ಬೇರೆ ಯಾರಿಗಾದರೂ ಕೊಡು. ನಾನು ಹಗ್ಗ ಬಿಟ್ಟು ಬರುವಂತಿಲ್ಲ. ಮನೆಗೆ ಬರಬೇಕೆಂದು ಎಷ್ಟು ಆಸೆಪಟ್ಟಿದ್ದೆ ಎಂದು ನಿನಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತಿದ್ದೇನೆ. ಬಹಳ ಆಸೆಪಟ್ಟಿದ್ದೆ.

ನಿನ್ನೆ ಮಧ್ಯಾಹ್ನ ಅಂಚೆಯವನು ಏದುಸಿರು ಬಿಡುತ್ತಾ ಬಂದ. ನಿನ್ನ ಪತ್ರ ತಂದಿದ್ದ. ಕೈಗೆ ದಪ್ಪಗೆ ಹತ್ತಿತು. "ಬಹಳ ಅವಸರದ ಪತ್ರ ಅಮ್ಮ, ಓದಿ ಹೇಳಲಾ?" ಅಂತ ಕೇಳಿದ. ನನಗೆ ನೀನು 'ತಾವು' ಎಂದದ್ದು ನೆನಪಾಯಿತು. ಅಷ್ಟು ಒಳ್ಳೆಯ ಕನ್ನಡಿ ಈವರೆಗೆ ಹೋಗಿಲ್ಲ ಎಂದದ್ದು ನೆನಪಾಯಿತು. ಅಜ್ಜ ಹೇಳಿದ್ದೂ ನೆನಪಾಯಿತು. ಮೂರು ಮಾತನ್ನೂ ಒಟ್ಟಿಗೆ ಇಟ್ಟು ನೋಡುವ ಧೈರ್ಯ ನನಗಾಗುತ್ತಿಲ್ಲ. ಬೇಡಪ್ಪ ಅಂದೆ, ಅವನನ್ನು ಕಳಿಸಿದೆ.

ಈ ಲಕೋಟೆಯಲ್ಲಿ ನೀನು ಏನು ಬರೆದಿದ್ದೀಯೋ ನನಗೆ ಗೊತ್ತಿಲ್ಲ. ಏನೇ ಇರಲಿ, ಬೇರೆಯವರ ಬಾಯಲ್ಲಿ ಕೇಳಲಾರೆ. ಒಡೆಯದೆ ಮಡಿಲಲ್ಲೇ ಇಟ್ಟುಕೊಂಡಿದ್ದೇನೆ. ಬಂದು ನೀನೇ ಓದಿ ಹೇಳು.

ಅಕ್ಕ